ಹಾರ್ಮೋನ್ ಪ್ರೊಮೋಟರ್ ಪರೀಕ್ಷೆಗೆ ಜೋಡಿ ಲೂಸಿಫರೇಸ್ ಕಿಟ್: ಯಾವ ಪ್ರಶ್ನೆಗೆ ಸಾಕು, ಯಾವುದಕ್ಕೆ ಸಾಲದು

ಒಂದು ಹಾರ್ಮೋನ್ ಜೀನನ್ನು ಯಾವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಡಿಎನ್‌ಎಗೆ ಕೂತು ಜೀನಿನ ಓದನ್ನು ನಿಯಂತ್ರಿಸುವ ಪ್ರೋಟೀನ್) ಚಾಲೂ ಮಾಡುತ್ತದೆ, ಡಿಎನ್‌ಎಯ ಯಾವ ತುಣುಕಿಗೆ ಕೂತು ಮಾಡುತ್ತದೆ? ಈ ಎರಡು ಪ್ರಶ್ನೆಗಳಿಗೆ ಜೋಡಿ ಲೂಸಿಫರೇಸ್ ಕಿಟ್‌ನಷ್ಟು ಬೇಗ, ಇಷ್ಟು ಕಡಿಮೆ ಕೋಶಗಳಲ್ಲಿ ಉತ್ತರ ಕೊಡುವ ಸಾಧನ ಬೇರೆ ಸಿಗುವುದು ಕಷ್ಟ. ಆದರೆ ಆ ಜೀನ್ ಒಂದೇ ಅಂಗಾಂಶದಲ್ಲಿ ಏಕೆ ಓದಿಸಿಕೊಳ್ಳುತ್ತದೆ ಎಂಬ ಮೂರನೇ ಪ್ರಶ್ನೆಗೆ ಇದು ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಕೊಳ್ಳುವ ಮೊದಲೇ ಇದು ಗೊತ್ತಿರಬೇಕು.

ರಿಪೋರ್ಟರ್ ಎಂಬ ಪ್ಲಾಸ್ಮಿಡ್‌ನಲ್ಲಿ (ಕೋಶಕ್ಕೆ ಸೇರಿಸುವ ಚಿಕ್ಕ ಡಿಎನ್‌ಎ ಉಂಗುರ) ಪರೀಕ್ಷಿಸಬೇಕಾದ ಪ್ರೊಮೋಟರಿನ, ಅಂದರೆ ಜೀನಿನ ಓದನ್ನು ಶುರುಮಾಡಿಸುವ ಡಿಎನ್‌ಎ ತುಣುಕಿನ, ಹಿಡಿತದಲ್ಲಿ ಮಿಂಚುಹುಳುವಿನ ಲೂಸಿಫರೇಸ್ (ಬೆಳಕು ಹೊಮ್ಮಿಸುವ ಎಂಜೈಮ್) ಜೀನ್ ಇರುತ್ತದೆ. ಎಷ್ಟು ಕೋಶಗಳಿಗೆ ಪ್ಲಾಸ್ಮಿಡ್ ಹೊಕ್ಕಿದೆ ಎಂಬುದನ್ನು ಸರಿದೂಗಿಸಲು ರೆನಿಲ್ಲಾ ಎಂಬ ಕಡಲಜೀವಿಯ ಲೂಸಿಫರೇಸ್ ಇರುವ ಇನ್ನೊಂದು ಪ್ಲಾಸ್ಮಿಡ್ ಜೊತೆಗಿರುತ್ತದೆ. ಮೊದಲ ದ್ರಾವಣಕ್ಕೆ ಮಿಂಚುಹುಳುವಿನ ಬೆಳಕು ಬರುತ್ತದೆ. ಎರಡನೆಯದು ಅದನ್ನು ಆರಿಸಿ ರೆನಿಲ್ಲಾದ ಬೆಳಕನ್ನು ಹೊತ್ತಿಸುತ್ತದೆ. ಎರಡೂ ಅಳತೆ ಪ್ಲೇಟಿನ ಒಂದೇ ಬಾವಿಯಿಂದ (ಕೋಶ ಬೆಳೆಸುವ ಗುಳಿ), ಒಂದೇ ಲೈಸೇಟಿನಿಂದ (ಕೋಶ ಒಡೆದು ಪಡೆದ ರಸ).

ಪಿಟ್-1 ಹಾಗೂ ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪತ್ತಿಗೆ ಬೇಕಾದ ಹಾರ್ಮೋನ್) ಪ್ರೊಮೋಟರಿನ ಪರೀಕ್ಷೆಯಲ್ಲಿ ಕಿಟ್ ತನ್ನ ಬಲವನ್ನೆಲ್ಲ ತೋರಿಸುತ್ತದೆ. 1988ರಲ್ಲಿ ಕ್ಲೋನ್ ಆದ ಪಿಟ್-1 ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಫ್ಯಾಕ್ಟರ್. ಬೆಳವಣಿಗೆ ಹಾರ್ಮೋನ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್-ಬೀಟಾ (ಥೈರಾಯ್ಡ್ ಉತ್ತೇಜಿಸುವ ಹಾರ್ಮೋನಿನ ಒಂದು ಭಾಗ) ಮೂರೂ ಜೀನುಗಳಿಗೆ ಅದು ಬೇಕು. ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳಲ್ಲಿ ಅದು ಇಲ್ಲ. ಹಾಗಾಗಿ ಇಲಿಯ ಪ್ರೊಲ್ಯಾಕ್ಟಿನ್ ಪ್ರೊಮೋಟರಿನ ಸುಮಾರು 420 ಬೇಸ್‌ಗಳ ತುಣುಕು ಅಲ್ಲಿ ಹೆಚ್ಚುಕಡಿಮೆ ಕತ್ತಲಾಗಿಯೇ ಇರುತ್ತದೆ, ಪಿಟ್-1 ಪ್ಲಾಸ್ಮಿಡ್ ಹಾಕಿದಾಗ ಬೆಳಗುತ್ತದೆ.

24 ಬಾವಿಯ ಪ್ಲೇಟಿಗೆ ಒಳ್ಳೆಯ ಆರಂಭವೆಂದರೆ, ಬಾವಿಗೆ 300 ನ್ಯಾನೋಗ್ರಾಂ ರಿಪೋರ್ಟರ್, 5ರಿಂದ 10 ನ್ಯಾನೋಗ್ರಾಂ ರೆನಿಲ್ಲಾ, ಪಿಟ್-1 ಪ್ಲಾಸ್ಮಿಡ್ 0, 25, 50, 100, 200 ನ್ಯಾನೋಗ್ರಾಂ. ಪ್ರತಿ ಬಾವಿಯಲ್ಲೂ 200ಕ್ಕೆ ಕಡಿಮೆ ಬಿದ್ದಷ್ಟನ್ನು ಖಾಲಿ ಪ್ಲಾಸ್ಮಿಡ್‌ನಿಂದ ತುಂಬಬೇಕು. ಆ ಖಾಲಿ ಪ್ಲಾಸ್ಮಿಡ್‌ನಲ್ಲೂ ಪಿಟ್-1 ಪ್ಲಾಸ್ಮಿಡ್‌ನಲ್ಲಿರುವ ಅದೇ ವೈರಲ್ ಪ್ರೊಮೋಟರ್ ಇರಲೇಬೇಕು, ಇಲ್ಲವಾದರೆ ಪ್ರೊಮೋಟರುಗಳ ನಡುವಿನ ಪೈಪೋಟಿ ಬಾವಿಯಿಂದ ಬಾವಿಗೆ ಬದಲಾಗುತ್ತದೆ. ಪ್ರಮಾಣ ಮಿತಿಮೀರಿದರೆ ರೇಖೆ ಮೇಲೇರುವ ಬದಲು ಇಳಿಯುತ್ತದೆ: ಡಿಎನ್‌ಎಗೆ ಕೂರದೆ ಉಳಿದ ಪಿಟ್-1 ಸಿಬಿಪಿಯಂಥ ಸಹಾಯಕ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ‘ಪಿಟ್-1 ಜೀನನ್ನು ತಡೆಯುತ್ತದೆ’ ಎಂದು ಓದಿದರೆ ಕೆಲಸ ಕೆಟ್ಟಂತೆ. ಜೊತೆಗೆ ಪಿಟ್-1 ಕೂರುವ ತಾಣಗಳನ್ನು ಕೆಡಿಸಿದ ಒಂದು ರಿಪೋರ್ಟರ್ ಕಡ್ಡಾಯ. ಅದೂ ಅಷ್ಟೇ ಏರಿದರೆ ಪರಿಣಾಮ ಆ ತಾಣಗಳ ಮೂಲಕ ಬರುತ್ತಿಲ್ಲ.

ಹೆಚ್ಚು ಜನ ಎಡವುವುದು ರೆನಿಲ್ಲಾದ ಆಯ್ಕೆಯಲ್ಲಿ. ಸಿಎಂವಿ ಎಂಬ ವೈರಸ್ಸಿನ ಪ್ರಬಲ ಪ್ರೊಮೋಟರ್ ಇರುವ ರೆನಿಲ್ಲಾ ಪ್ಲಾಸ್ಮಿಡ್ ಬೆಳಕು ಚೆನ್ನಾಗಿ ಕೊಡುತ್ತದೆ ನಿಜ. ಆದರೆ ಸಿಎಂವಿಯಲ್ಲೇ ಸೈಕ್ಲಿಕ್ ಎಎಂಪಿಗೆ (ಕೋಶದೊಳಗಿನ ಸಂದೇಶ ಅಣು) ಸ್ಪಂದಿಸುವ ತಾಣಗಳಿವೆ. ಸೈಕ್ಲಿಕ್ ಎಎಂಪಿ ಏರಿಸುವ ಫೋರ್ಸ್ಕೋಲಿನ್ ಹಾಕಿದಾಗ ಮಿಂಚುಹುಳುವಿನ ಎಣಿಕೆ 40,000ದಿಂದ 2,00,000ಕ್ಕೆ, ರೆನಿಲ್ಲಾ 10,000ದಿಂದ 50,000ಕ್ಕೆ ಏರಿತು ಎಂದುಕೊಳ್ಳಿ. ಅನುಪಾತ ಆಗಲೂ 4, ಈಗಲೂ 4. ಐದು ಪಟ್ಟು ಪ್ರತಿಕ್ರಿಯೆ ಭಾಗಾಕಾರದಲ್ಲಿ ಅಳಿಸಿಹೋಯಿತು. ದುರ್ಬಲವಾದ ಟಿಕೆ (ಥೈಮಿಡಿನ್ ಕೈನೇಸ್) ಪ್ರೊಮೋಟರಿನ ರೆನಿಲ್ಲಾ ಎಷ್ಟೋ ವಾಸಿ. ಅದನ್ನೂ ಕಣ್ಣುಮುಚ್ಚಿ ನಂಬದೆ, ಭಾಗಿಸುವ ಮೊದಲು ಕಚ್ಚಾ ಎಣಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರೆನಿಲ್ಲಾ ಚಿಕಿತ್ಸೆಯ ಜೊತೆಗೇ ಏರಿಳಿದರೆ ಬೇರೆ ನಿಯಂತ್ರಣ ಬೇಕು.

ಈಸ್ಟ್ರೋಜನ್ ಪ್ರಯೋಗಕ್ಕೆ ಇನ್ನೆರಡು ಮಾತು. ಮಾಧ್ಯಮದ ಬಣ್ಣವಾದ ಫೀನಾಲ್ ರೆಡ್‌ಗೇ ಈಸ್ಟ್ರೋಜನ್‌ನಂತಹ ದುರ್ಬಲ ಗುಣ ಇರುವುದರಿಂದ ಅದಿಲ್ಲದ ಮಾಧ್ಯಮ, ಇದ್ದಿಲಿನಿಂದ ಹಾರ್ಮೋನ್ ತೆಗೆದ ಸೀರಂ ಎರಡೂ ಬೇಕು. ಇಲಿಯ ಪ್ರೊಲ್ಯಾಕ್ಟಿನ್ ಜೀನಿನಲ್ಲಿ ಈಸ್ಟ್ರೋಜನ್ ಗ್ರಾಹಿ ಕೂರುವ ಎನ್‌ಹ್ಯಾನ್ಸರ್ (ಜೀನಿನ ಓದನ್ನು ಹೆಚ್ಚಿಸುವ ಡಿಎನ್‌ಎ ತುಣುಕು) ಜೀನ್ ಶುರುವಾಗುವ ಜಾಗಕ್ಕಿಂತ ಸುಮಾರು ಒಂದೂವರೆ ಕಿಲೋಬೇಸ್ (ಸಾವಿರದೈನೂರು ಬೇಸ್) ಮೇಲಿದೆ. 420 ಬೇಸ್‌ಗಳ ತುಣುಕಿನಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಅಳತೆಯ ಹಂತ ಸುಲಭ. ಪಿಬಿಎಸ್ ಎಂಬ ಉಪ್ಪಿನ ಬಫರಿನಲ್ಲಿ ತೊಳೆದು, ಬಾವಿಗೆ 100 ಮೈಕ್ರೋಲೀಟರ್ ಲೈಸಿಸ್ ಬಫರ್ ಹಾಕಿ, 15 ನಿಮಿಷ ಅಲುಗಾಡಿಸಿ. 20 ಮೈಕ್ರೋಲೀಟರ್ ಲೈಸೇಟಿಗೆ ಮೊದಲ ದ್ರಾವಣ 100 ಮೈಕ್ರೋಲೀಟರ್. 2 ಸೆಕೆಂಡ್ ಬಿಟ್ಟು 10 ಸೆಕೆಂಡ್ ಅಳತೆ. ಆಮೇಲೆ ಎರಡನೇ ದ್ರಾವಣ 100 ಮೈಕ್ರೋಲೀಟರ್, ಮತ್ತೆ ಅಳತೆ. ಜಿಎಚ್3 (ಇಲಿಯ ಪಿಟ್ಯುಟರಿ ಗೆಡ್ಡೆಯಿಂದ ಬಂದ) ಕೋಶಗಳಾದರೆ ತೊಳೆಯುವಾಗ ಹುಷಾರು, ಅವು ತಳಕ್ಕೆ ಗಟ್ಟಿಯಾಗಿ ಅಂಟಿರುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ತೊಳೆಯುವುದೇ ಮೇಲು. ದ್ರಾವಣ ಕೋಣೆಯ ಉಷ್ಣಾಂಶಕ್ಕೆ ಬಂದಿರಬೇಕು, ತಣ್ಣಗಿದ್ದರೆ ಮೊದಲ ಬಾವಿಗಳ ಎಣಿಕೆ ಕಡಿಮೆ ಬರುತ್ತದೆ. ಹೆಪ್ಪುಗಟ್ಟಿದ್ದ ದ್ರಾವಣ ಕರಗಿದ ಮೇಲೆ ಬಾಟಲಿಯನ್ನು ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸುವುದನ್ನು ಮರೆಯಬಾರದು. ರೆನಿಲ್ಲಾದ ಸಬ್‌ಸ್ಟ್ರೇಟ್ ಎಂಜೈಮ್ ಇಲ್ಲದೆಯೂ ಸ್ವಲ್ಪ ಬೆಳಗುವುದರಿಂದ ಪ್ಲಾಸ್ಮಿಡ್ ಹಾಕದ ಕೋಶಗಳ ಲೈಸೇಟ್ ಅಳೆದು ಕಳೆಯಬೇಕು. ಇಂಜೆಕ್ಟರ್ ಕೊಳವೆಯಲ್ಲಿ ಎರಡನೇ ದ್ರಾವಣದ ಅಂಶ ಉಳಿದರೆ ಮುಂದಿನ ಪ್ಲೇಟಿನ ಮಿಂಚುಹುಳು ಬೆಳಕನ್ನೇ ಅದು ತಿಂದುಹಾಕುತ್ತದೆ. ನೀರಿನ ನಂತರ 70 ಶೇಕಡಾ ಎಥನಾಲ್‌ನಲ್ಲಿ ನೆನೆಸಿ, ಮತ್ತೆ ನೀರು ಹಾಯಿಸಿ.

ಇನ್ನು ಕೊರತೆ. ಪ್ಲಾಸ್ಮಿಡ್ ಕೋಶದಲ್ಲಿ ಕ್ರೊಮ್ಯಾಟಿನ್‌ನ (ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ) ಸಹಜ ಕಟ್ಟುಪಾಡಿಗೆ ಒಳಪಡುವುದಿಲ್ಲ. ಮಾನವ ಬೆಳವಣಿಗೆ ಹಾರ್ಮೋನ್ ಗುಂಪಿನ ಐದು ಜೀನುಗಳು 17ನೇ ವರ್ಣತಂತುವಿನಲ್ಲಿ ಸಾಲಾಗಿವೆ. ಅವುಗಳಲ್ಲಿ ಒಂದು ಪಿಟ್ಯುಟರಿಯಲ್ಲಿ, ಉಳಿದವು ಮಾಸುವಿನಲ್ಲಿ ಓದಿಸಿಕೊಳ್ಳುತ್ತವೆ. ಪಿಟ್ಯುಟರಿಯ ಜೀನನ್ನು ತೆರೆಯುವ ಪಿಟ್-1 ತಾಣಗಳು ಸುಮಾರು 15 ಕಿಲೋಬೇಸ್ ಮೇಲಿವೆ. ಅಷ್ಟು ದೂರದ ಕೆಲಸವನ್ನು ಚಿಕ್ಕ ರಿಪೋರ್ಟರ್ ಹೇಳಲಾರದು. ಪ್ರೊಲ್ಯಾಕ್ಟಿನ್ ಮಾಡುವ ಲ್ಯಾಕ್ಟೋಟ್ರೋಫ್ ಕೋಶಗಳಲ್ಲಿ ಪಿಟ್-1 ಇದ್ದೂ ಬೆಳವಣಿಗೆ ಹಾರ್ಮೋನ್ ಜೀನ್ ಏಕೆ ಮುಚ್ಚಿರುತ್ತದೆ ಎಂಬುದನ್ನೇ ನೋಡಿ. ಅದರ ಪಿಟ್-1 ತಾಣದಲ್ಲಿ ಹೆಚ್ಚುವರಿ 2 ಬೇಸ್ ಅಂತರವಿದೆ, ಆ ಅಂತರದಿಂದ ಪಿಟ್-1 ಬೇರೆ ಭಂಗಿಯಲ್ಲಿ ಕೂತು ಎನ್-ಕಾರ್ ಎಂಬ ತಡೆಗಾರ ಸಂಕೀರ್ಣವನ್ನು ಕರೆತರುತ್ತದೆ ಎಂದು 2000ದಲ್ಲಿ ಗೊತ್ತಾದದ್ದು ಜೀನ್ ಬದಲಿಸಿದ ಇಲಿಗಳ ಮೇಲಿನ ಪ್ರಯೋಗದಿಂದ. ಜಿಎಚ್3 ಕೋಶ ಎರಡೂ ಹಾರ್ಮೋನುಗಳನ್ನು ಮಾಡುತ್ತದೆ, ಅದರಲ್ಲಿ ಈ ಪ್ರಶ್ನೆಯನ್ನೇ ಕೇಳಲು ಬರುವುದಿಲ್ಲ. ಹಾಗಾಗಿ ಈ ಕಿಟ್‌ನಲ್ಲಿ ತಾಣ ಸಿಕ್ಕಿದ ಕೂಡಲೇ ಮುಂದಿನ ಖರ್ಚು ಇನ್ನೊಂದು ಕಿಟ್‌ಗಲ್ಲ, ಪಿಟ್-1 ಪ್ರತಿಕಾಯ ಬಳಸಿ ಮಾಡುವ ಚಿಪ್ ಪರೀಕ್ಷೆಗೆ (ಕೋಶದ ಸಹಜ ಕ್ರೊಮ್ಯಾಟಿನ್‌ನಲ್ಲಿ ಪ್ರೋಟೀನ್ ಎಲ್ಲಿ ಕೂತಿದೆ ಎಂದು ತೋರಿಸುವ ಪರೀಕ್ಷೆ) ಹೋಗಲಿ. ಅದೂ ಪಿಟ್ಯುಟರಿಯ ಅಂಗಾಂಶದಲ್ಲೇ, ಯಕೃತ್ತಿನ ಅಂಗಾಂಶವನ್ನು ಹೋಲಿಕೆಗೆ ಇಟ್ಟುಕೊಂಡು.