ಎಂಟು ಗುಂಡಿನ ಪಿಸ್ತೂಲು, ನೋಯುವ ಹೆಬ್ಬೆರಳು

ಪಿಸ್ತೂಲು ತಗೋತೀನಿ ಅಂದಾಗ ನಮ್ಮನೆಯವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ತಗೋ. ಸ್ಲೈಡ್ ಎಳೆಯೋಕೆ ಬರ್ತದಾ ಮೊದಲು ನೋಡು" ಅಂದರು. ಸ್ಲೈಡ್ ಅಂದರೆ ಪಿಸ್ತೂಲಿನ ಮೇಲ್ಭಾಗ, ಅದನ್ನ ಹಿಂದಕ್ಕೆ ಎಳೆದು ಬಿಟ್ಟರೇನೇ ಮೊದಲ ಗುಂಡು ನಳಿಗೆಗೆ ಹೋಗೋದು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೂ ಅವರನ್ನೇ ಕೂಗೋಳು ನಾನು. ವಯಸ್ಸು 52, ಹ್ಯೂಸ್ಟನ್‌ನಲ್ಲಿ ನರ್ಸ್ ಕೆಲಸ, ರಾತ್ರಿ ಪಾಳಿ. ಎರಡೂ ಹೆಬ್ಬೆರಳ ಬುಡದಲ್ಲಿ ಸಂಧಿವಾತ, ಎಡಗೈಯದ್ದು ಸ್ವಲ್ಪ ಜೋರು. ಸ್ಮಿತ್ ಆಂಡ್ ವೆಸನ್ ಕಂಪನಿಯ ಶೀಲ್ಡ್ ಈಝೀ ಅನ್ನೋ 9 ಎಂಎಂ (ಇದು ಗುಂಡಿನ ಅಳತೆ) ಪಿಸ್ತೂಲನ್ನ ಒಂದು ವರ್ಷದಿಂದ ಬಳಸ್ತಾ ಇದೀನಿ. ನನ್ನಂಥ ಕೈಯವರಿಗೆ ಉಪಯೋಗ ಆಗಲಿ ಅಂತ ಇದನ್ನ ಬರೀತಿದೀನಿ. ಗಟ್ಟಿ ಕೈಯವರಿಗೆ ಬೇರೆ ಆಯ್ಕೆ ಬೇಕಾದಷ್ಟಿವೆ.

ಕೋವಿ ನನಗೆ ಹೊಸದಲ್ಲ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಂಗ, ಕಾಡುಹಂದಿ ಕಾಟಕ್ಕೆ ಅಂತ ಅಪ್ಪನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿನಳಿಗೆ ತೋಟಾ ಕೋವಿ ಇತ್ತು. ಹದಿನಾರನೇ ವಯಸ್ಸಲ್ಲಿ ಹಠ ಮಾಡಿ ಒಂದು ಈಡು ಹೊಡೆದು, ಎರಡು ದಿನ ಭುಜ ಎತ್ತೋಕೆ ಆಗದೆ ಕೂತಿದ್ದೆ. ಉದ್ದದ ಕೋವಿಯೇ ಹೀಗೆ ಒದೆಯೋದು, ಅಂಗೈಯಷ್ಟು ಪಿಸ್ತೂಲು ಏನು ಒದ್ದೀತು ಅನ್ನೋ ನಂಬಿಕೆ ಆವತ್ತಿಂದ ತಲೆಯಲ್ಲಿ ಕೂತುಬಿಟ್ಟಿತ್ತು.

ಆ ನಂಬಿಕೆಯನ್ನೇ ಒಂದು ಅಂಗಡಿಯವನು ಬಂಡವಾಳ ಮಾಡಿಕೊಂಡ. ಅಂಗಡಿ ಹೆಸರು ಬೇಡ. ಒಳಗೆ ಹೋಗಿ ಕೇಳಿದ್ದು ನಾನು, ಅವನು ಉತ್ತರ ಕೊಡ್ತಾ ಇದ್ದದ್ದು ನಮ್ಮನೆಯವರಿಗೆ. ಆಮೇಲೆ ಗಾಜಿನ ಕಪಾಟಿಂದ ತಿಳಿ ಗುಲಾಬಿ ಬಣ್ಣದ್ದೊಂದು .380 ಅಳತೆಯ ಗುಂಡಿನ ಪುಟ್ಟ ಪಿಸ್ತೂಲು ತೆಗೆದು "ಹೆಂಗಸರ ಪರ್ಸಿಗೆ ಹೇಳಿ ಮಾಡಿಸಿದ್ದು" ಅಂದ. ಮುನ್ನೂರು ಗ್ರಾಂ ಇದ್ದರೆ ಹೆಚ್ಚು. ಮುದ್ದಾಗೇನೋ ಇತ್ತು. ಆದರೆ ಅಂಥದ್ದೇ ಒಂದನ್ನ ಬೇರೆ ಕಡೆ ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆದೆ. ಆರನೇ ಗುಂಡಿಗೆ ಕೆಳಗಿಟ್ಟೆ. ಹೆಬ್ಬೆರಳು ತೋರುಬೆರಳ ನಡುವಿನ ಚರ್ಮ ಕೆಂಪಗಾಗಿತ್ತು. ಗುಂಡು ಹಾರಿದಾಗಿನ ಒದೆತವನ್ನ ತಡೆಯೋದು ಪಿಸ್ತೂಲಿನ ತೂಕ. ಅದರಲ್ಲಿ ತೂಕ ಇಲ್ಲದಿದ್ದರೆ ಬಾಕಿಯೆಲ್ಲ ನಮ್ಮ ಕೈಗೇ ಬರ್ತದೆ. ಸ್ಲೈಡ್ ಗಿಡ್ಡ ಆದಷ್ಟೂ ಅದನ್ನ ತಡೆದು ವಾಪಸ್ ತಳ್ಳುವ ಸ್ಪ್ರಿಂಗು ಬಿಗಿ ಆಗಬೇಕು. ಹಿಡಿದು ಎಳೆಯೋಕೆ ಜಾಗವೂ ಕಡಿಮೆ. ಹಿಂದಿನ ಮುಂದಿನ ಗುರಿಮೊನೆಗಳು ಹತ್ತಿರ ಹತ್ತಿರ ಇರೋದರಿಂದ ಕೈ ಕೂದಲೆಳೆಯಷ್ಟು ಅಲುಗಿದರೂ ಗುರಿ ಗೇಣು ತಪ್ತದೆ. ಚಿಕ್ಕದು ಅಂದರೆ ಹೊರೋಕೆ ಸುಲಭ, ಹೊಡೆಯೋಕೆ ಕಷ್ಟ. ಅಂಗಡಿಯವನು ಹೇಳಿದ್ದು ಮೊದಲ ಅರ್ಧ ಮಾತ್ರ.

ಅದೇ ರೇಂಜಿಗೆ ಇನ್ನೊಂದು ಶನಿವಾರ ಹೋಗಿ ಮೂರು ಪಿಸ್ತೂಲು ಬಾಡಿಗೆಗೆ ತಗೊಂಡೆ. ಇಡೀ ಖರೀದಿಯಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಕೆಲಸ ಇದೊಂದೇ.

ಮೊದಲು ಗ್ಲಾಕ್ 19. ನಾಲ್ಕಿಂಚಿನ ನಳಿಗೆ, ಮ್ಯಾಗಜಿನ್‌ಗೆ, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಗೆ, 15 ಗುಂಡು. ಹೊಡೆಯೋಕೆ ಮೂರರಲ್ಲಿ ಇದೇ ಚೆಂದ, ಏಳು ಗಜದಲ್ಲಿ ನನ್ನ ಗುಂಡುಗಳೆಲ್ಲ ಅಂಗೈಯಗಲದೊಳಗೆ ಬಿದ್ದವು. ಆದರೆ ಹಿಡಿ ದಪ್ಪ, ಟ್ರಿಗರ್ ಮುಟ್ಟೋಕೆ ಬೆರಳು ಚಾಚಬೇಕು. ಸ್ಲೈಡನ್ನ ನಾಲ್ಕು ಸಲ ಎಳೆದೆ, ಐದನೇ ಸಲಕ್ಕೆ ಹೆಬ್ಬೆರಳು ಬೇಡ ಅಂತು. ಇನ್ನೊಂದು ವಿಷಯ: ಶುಚಿ ಮಾಡೋಕೆ ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು. ಒಳಗೆ ಗುಂಡಿಲ್ಲ ಅಂತ ಎರಡು ಸಲ ನೋಡಿ ಎಳೆದರೆ ಏನೂ ಆಗೋದಿಲ್ಲ, ಸರಿ. ಆದರೂ ಹದಿನಾಲ್ಕು ತಾಸಿನ ನಿದ್ದೆಗೆಟ್ಟ ನನ್ನ ತಲೆಯ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಎರಡನೆಯದು ಸಿಗ್ ಸಾವರ್ ಪಿ365. 2018ರಲ್ಲಿ ಇದು ಬರೋವರೆಗೆ ಈ ಗಾತ್ರದವುಗಳಲ್ಲಿ ಆರೋ ಏಳೋ ಗುಂಡು ಹಿಡಿಸೋದು ಮಾಮೂಲಾಗಿತ್ತು. ಇವರು ಹತ್ತು ಹಿಡಿಸಿದರು. ತೂಕ ಅರ್ಧ ಕಿಲೋ ಆಸುಪಾಸು, ನಳಿಗೆ ಮೂರಿಂಚು ಚಿಲ್ಲರೆ. ಕೈಯಲ್ಲಿ ಹಿಡಿದ ಕೂಡಲೇ ಬೇಕು ಅನ್ನಿಸ್ತದೆ. ಎಲ್ಲರೂ ಇದನ್ನೇ ಯಾಕೆ ಹೊಗಳ್ತಾರೆ ಅಂತ ಅರ್ಥ ಆಯ್ತು. ನನ್ನ ಕೈಗೆ ಮಾತ್ರ ಆ ಸ್ಪ್ರಿಂಗು ಜಗ್ಗಲಿಲ್ಲ. ಸೀರೆ ಸೆರಗು ಹಿಡಿದು ಎಳೆದ ಹಾಗೆ ಎರಡು ಬೆರಳಲ್ಲಿ ಎಳೆದು, ಬೆವತು, ಪಕ್ಕದ ಲೇನಿನ ಹುಡುಗನ ಹತ್ತಿರ ಎಳೆಸಿಕೊಂಡೆ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಆ ಹುಡುಗ ಇರ್ತಾನಾ?

ಮೂರನೆಯದೇ ಈ ಶೀಲ್ಡ್ ಈಝೀ. 9 ಎಂಎಂ ಮಾದರಿ 2020ರ ಹೊತ್ತಿಗೆ ಬಂತು, ಅದಕ್ಕೂ ಮುಂಚೆ 2018ರಲ್ಲಿ .380 ಬಂದಿತ್ತು. ಸ್ಲೈಡ್ ಎಳೆದಾಗ ಏನೋ ಮುರಿದೇ ಹೋಯ್ತು ಅಂದುಕೊಂಡೆ, ಅಷ್ಟು ಹಗುರ. ಸ್ಲೈಡಿನ ಹಿಂದೆ ಎರಡೂ ಕಡೆ ಕಿವಿಯ ಹಾಗೆ ಚೂರು ಉಬ್ಬು ಇದೆ, ಬೆರಳು ಜಾರೋದಿಲ್ಲ. ಮ್ಯಾಗಜಿನ್ ಪಕ್ಕದಲ್ಲೊಂದು ಚಿಕ್ಕ ಗುಬುಟು ಇದೆ, ಅದನ್ನ ಕೆಳಕ್ಕೆ ಒತ್ತಿ ಹಿಡಿದರೆ ಸ್ಪ್ರಿಂಗ್ ತಗ್ತದೆ, ಗುಂಡುಗಳನ್ನ ಪಡವಲಕಾಯಿ ಬೀಜ ಹಾಕಿದ ಹಾಗೆ ಒಂದೊಂದೇ ಬಿಡಬಹುದು. ಬೇರೆಯವುಗಳಲ್ಲಿ ಕೊನೆಯ ಎರಡು ಗುಂಡು ತುಂಬೋ ಹೊತ್ತಿಗೆ ನನಗೆ ಕಣ್ಣೀರು ಬರ್ತಿತ್ತು.

ಈಗ ಇದಕ್ಕೆ ತೆತ್ತದ್ದೇನು ಅಂತ ಹೇಳ್ತೀನಿ. ತೂಕ ಹೆಚ್ಚುಕಡಿಮೆ ಗ್ಲಾಕ್ 19ರಷ್ಟೇ, ಹಿಡಿಸೋದು ಎಂಟೇ ಗುಂಡು. ಅಂದರೆ ಹದಿನೈದರ ಭಾರ ಹೊತ್ತು ಎಂಟರ ಕೆಲಸ. ತೆಳ್ಳಗಿದೆ, ಆದರೆ ಪಿ365ರ ಹಾಗೆ ಎಲ್ಲೆಂದರಲ್ಲಿ ಅಡಗೋದಿಲ್ಲ. ಹಿಡಿಯ ಹಿಂಬದಿಯಲ್ಲಿ ಒಂದು ಸೇಫ್ಟಿ ಇದೆ, ಅಂಗೈ ಅದನ್ನ ಪೂರ್ತಿ ಒತ್ತದಿದ್ದರೆ ಗುಂಡು ಹಾರೋದಿಲ್ಲ. ಮಕ್ಕಳಿರೋ ಮನೆಗೆ ಒಳ್ಳೇದೇ. ಆದರೆ ಸುಸ್ತಾದ ದಿನ ನಾನು ಸಡಿಲ ಹಿಡಿದು ಟ್ರಿಗರ್ ಎಳೆದರೆ ಏನೂ ಆಗೋದಿಲ್ಲ. ಕೈಗೆ ರೂಢಿ ಆಗೋಕೆ ಎರಡು ತಿಂಗಳು ಬೇಕಾಯ್ತು. ಇನ್ನೊಂದು, ಇದು ಸೆಮಿ ಆಟೊಮ್ಯಾಟಿಕ್. ಅಂದರೆ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ಖಾಲಿ ತೋಟಾ ಹೊರಗೆ ಎಸೆದು ಮುಂದಿನದನ್ನ ತುಂಬಿಕೊಳ್ಳೋದು ಮಾತ್ರ ಅದರ ಪಾಡಿಗೆ. ಆ ಕೆಲಸಕ್ಕೆ ನಮ್ಮ ಮಣಿಕಟ್ಟು ಗಟ್ಟಿ ನಿಲ್ಲಬೇಕು. ಸುಮಾರು 600 ಗುಂಡು ಹೊಡೆದಿದೀನಿ, ಎರಡು ಸಲ ಸಿಕ್ಕಿಕೊಂಡಿತು, ಎರಡೂ ಸಲ ಮಣಿಕಟ್ಟು ಬಿಟ್ಟುಕೊಟ್ಟದ್ದು ನಾನೇ.

ಹಾಗಾದರೆ ರಿವಾಲ್ವರ್ ಯಾಕಲ್ಲ, ಸ್ಲೈಡಿನ ರಗಳೆಯೇ ಇಲ್ಲವಲ್ಲ ಅಂತ ನಮ್ಮನೆಯವರು ಕೇಳಿದರು. ನೋಡಿದೆ. ಐದು ಗುಂಡಿನ ಚಿಕ್ಕ ರಿವಾಲ್ವರಿನ ಟ್ರಿಗರ್ ಎಳೆಯೋದು ಸೇದುವ ಬಾವಿಯಿಂದ ಕೊಡಪಾನ ಎತ್ತಿದ ಹಾಗೆ. ಎಡಗೈಯ ನೋವನ್ನ ಬಲಗೈ ತೋರುಬೆರಳಿಗೆ ದಾಟಿಸಿದ ಹಾಗಾಗ್ತದೆ, ಅಷ್ಟೇ.

ನಾನು ಕೊಂಡಾಗ ಬೆಲೆ 429 ಡಾಲರ್ ಇತ್ತು, ತೆರಿಗೆ ಸೇರಿ 464. ಹಳೆಯದನ್ನ ಕೊಳ್ಳೋರು ಒಂದು ವಿಷಯ ಗಮನಿಸಿ: 2020ರ ಮಾರ್ಚಿಂದ ಅಕ್ಟೋಬರ್‌ವರೆಗೆ ತಯಾರಾದ ಈಝೀಗಳಲ್ಲಿ ಕೆಲವಕ್ಕೆ ಹ್ಯಾಮರ್ (ಗುಂಡು ಸಿಡಿಸುವ ಒಳಗಿನ ಭಾಗ) ದೋಷ ಇರಬಹುದು ಅಂತ ಕಂಪನಿಯೇ ವಾಪಸ್ ಕರೆಸಿತ್ತು. ಸೀರಿಯಲ್ ನಂಬರ್ ನೋಡಿಯೇ ದುಡ್ಡು ಕೊಡಿ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಬೇಕು, ಎಫ್‌ಬಿಐಯಿಂದ ನಮ್ಮ ಹಿನ್ನೆಲೆಯ ತಪಾಸಣೆ ಆಗ್ತದೆ. ನನ್ನದು ಕಾಲು ಗಂಟೆಯಲ್ಲಿ ಮುಗೀತು. ಎಚ್-1ಬಿ ವೀಸಾದಲ್ಲಿರುವ ನಮ್ಮ ಹುಡುಗರು ಈ ಆಸೆಗೆ ಬೀಳುವ ಮುಂಚೆ ವಕೀಲರನ್ನ ಕೇಳಿ. ಬೇಟೆ ಲೈಸೆನ್ಸಿನಂಥ ವಿನಾಯ್ತಿ ಬಿಟ್ಟರೆ ನೀವು ಬಂದೂಕು ಇಟ್ಟುಕೊಳ್ಳೋದೇ ಅಪರಾಧ. ಗ್ರೀನ್ ಕಾರ್ಡ್ ಇದ್ದರೆ ತೊಂದರೆ ಇಲ್ಲ.

ಅಣ್ಣನಿಗೆ ಫೋನಿನಲ್ಲಿ ಕಾಲು ಗಂಟೆಯ ಕಥೆ ಹೇಳಿದರೆ ನಂಬಲಿಲ್ಲ. ಅಪ್ಪನ ಕೋವಿ ಈಗ ಅವನ ಹೆಸರಲ್ಲಿದೆ. ಪ್ರತಿ ಎಲೆಕ್ಷನ್ನಿಗೂ ಅದನ್ನ ಠಾಣೆಗೆ ಹೊತ್ತು ಡಿಪಾಸಿಟ್ ಮಾಡಿ, ಫಲಿತಾಂಶ ಬಂದಮೇಲೆ ಹೊತ್ತು ತರೋದರಲ್ಲೇ ಅವನು ಹೈರಾಣ. ಈ 9 ಎಂಎಂ ಇಂಡಿಯಾದಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಜನ ಪಿಸ್ತೂಲು ಬೇಕಂದರೆ .32ರಂಥದ್ದರಲ್ಲೇ ತೃಪ್ತಿ ಪಡಬೇಕು. "ಅಲ್ಲ ಮಾರಾಯ್ತಿ, ನಿನ್ನದನ್ನ ಎಲೆಕ್ಷನ್ ಟೈಮಲ್ಲಿ ಯಾವ ಠಾಣೆಗೆ ಕೊಡ್ತೀಯ?" ಅಂತ ಕೇಳಿದ.

ಇಷ್ಟೆಲ್ಲ ಅಳೆದು ಸುರಿದಮೇಲೆ ಗೊತ್ತಾದದ್ದು ಬೇರೆಯೇ. ಟೆಕ್ಸಸ್‌ನಲ್ಲಿ 2021ರಿಂದ ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು ಅಂತ ಕಾನೂನಿದೆ, ನಿಜ. ಆದರೆ ನಾನು ಹೋಗೋದೆಲ್ಲಿಗೆ? ಆಸ್ಪತ್ರೆಗೆ. ಬಾಗಿಲಲ್ಲೇ ನಿಷೇಧದ ಬೋರ್ಡು. ನಾನು ಹೋಗೋ ದೇವಸ್ಥಾನದಲ್ಲೂ ಅದೇ ಬೋರ್ಡು. ಕಾರಲ್ಲಿ ಬೀಗ ಹಾಕಿ ಇಡೋದನ್ನ ಮಾಲೀಕರು ತಡೆಯೋ ಹಾಗಿಲ್ಲ, ಆದರೆ ಪಾರ್ಕಿಂಗಿನಲ್ಲಿ ಗಾಜು ಒಡೆದು ಒಯ್ಯೋರಿಗೆ ಬೇಕಾಗಿರೋದೂ ಅದೇ. ಹಾಗಾಗಿ ಅದು ಮನೇಲೇ ಇರ್ತದೆ. ಬೆರಳಚ್ಚಿಗೆ ತೆರೆಯುವ 160 ಡಾಲರಿನ ಉಕ್ಕಿನ ಪೆಟ್ಟಿಗೆಯನ್ನ ಮಂಚಕ್ಕೆ ಬೋಲ್ಟ್ ಮಾಡಿಸಿದೀವಿ. ಮಗನಿಗೆ ಹದಿನೈದು. ಹದಿನೇಳು ತುಂಬದವರ ಕೈಗೆ ಸಿಗುವ ಹಾಗೆ ತುಂಬಿದ ಬಂದೂಕು ಬಿಟ್ಟರೆ ಇಲ್ಲಿ ಕೇಸು. ಕಾನೂನು ಇರಲಿ ಬಿಡಲಿ, ಎಮರ್ಜೆನ್ಸಿ ವಾರ್ಡಿನಲ್ಲಿ ನಾನು ಕಂಡದ್ದೇ ಸಾಕು. ಮನೇಲಿ ಯಾರದಾದರೂ ಮನಸ್ಸು ಕುಸಿದಿದ್ದರೆ ಈ ವಸ್ತು ತರಲೇಬೇಡಿ, ಪೆಟ್ಟಿಗೆ ಎಷ್ಟೇ ಗಟ್ಟಿ ಇರಲಿ.

ಮಂಚದ ಪಕ್ಕ ಇರೋ ಪಿಸ್ತೂಲು ಚಿಕ್ಕದಿದ್ದರೆಷ್ಟು, ದೊಡ್ಡದಿದ್ದರೆಷ್ಟು? ಮರೆಮಾಡೋಕೆ ಅಂತ ತಗೊಂಡ ಹೋಲ್‌ಸ್ಟರ್ ಕುಕ್ಕರ್ ಗ್ಯಾಸ್ಕೆಟ್ ಇಡೋ ಡ್ರಾಯರಲ್ಲಿ ಬಿದ್ದಿದೆ. ಅಡಗಿಸೋ ಚಿಂತೆ ಮೊದಲೇ ಬಿಟ್ಟಿದ್ದರೆ ಎರಡು ವಾರ ಉಳೀತಿತ್ತು. ಆಗಲೂ ಇದನ್ನೇ ಕೊಳ್ತಿದ್ದೆ ಅನ್ನೋದು ಬೇರೆ ಮಾತು, ಹೆಬ್ಬೆರಳು ಅದೇ ಅಲ್ಲವಾ.

ರೇಂಜಿಗೆ ಹೋಗೋ ಹೆಂಗಸರು ಕತ್ತು ಮುಚ್ಚೋ ಅಂಗಿ ಹಾಕಿ. ಮೊದಲ ತಿಂಗಳು ಒಂದು ಕಾದ ಖಾಲಿ ತೋಟಾ ಹಾರಿ ಬಂದು ಕರಿಮಣಿ ಸರಕ್ಕೂ ಕುತ್ತಿಗೆಗೂ ನಡುವೆ ಸಿಕ್ಕಿಕೊಂಡಿತು. ಪಿಸ್ತೂಲನ್ನ ಗುರಿಯ ಕಡೆಗೇ ಹಿಡಿದು ಕೆಳಗಿಡೋವರೆಗೆ ಅದನ್ನ ಮುಟ್ಟೋ ಹಾಗಿಲ್ಲ. ಇಟ್ಟೆ, ಆಮೇಲೆ ಕುಣಿದೆ. ಕಡಲೆಕಾಳಷ್ಟು ಕಲೆ ಇನ್ನೂ ಇದೆ.