ಜಾಗದ ಭೂಕಂಪ ವರದಿ ಮಾಡಿಸಿದ್ವಿ: ಐದಕ್ಕೆ ನಾಲ್ಕು
ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಘಟಕಕ್ಕೆ ಮೂರಂತಸ್ತು ಎಬ್ಬಿಸೋ ಮುಂಚೆ ಕನ್ಸಲ್ಟೆಂಟ್ ಒಬ್ಬರ ಹತ್ರ, ಭೂಕಂಪ ಆದ್ರೆ ನಮ್ಮ ಜಾಗ ಎಷ್ಟು ಅಲುಗಬಹುದು ಅಂತ ಹೇಳೋ ಈ ವರದಿ ಮಾಡಿಸಿದ್ವಿ. "ನಮ್ದು ಭೂಕಂಪದ ಅಪಾಯ ಕಡಿಮೆ ಇರೋ ಎರಡನೇ ವಲಯ, ಸುಮ್ನೆ ಯಾಕ್ರೀ ಖರ್ಚು" ಅಂದ್ರು ಮೇಸ್ತ್ರಿ. ಆದ್ರೆ 1843ರಲ್ಲಿ ಇದೇ ಬಳ್ಳಾರಿ ಭೂಕಂಪಕ್ಕೆ ನಡುಗಿತ್ತು. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಯಾರಿಗೆ ಮರೆತೀತು?

ವರದಿಯಲ್ಲಿ ಬರೋ "475 ವರ್ಷಕ್ಕೊಮ್ಮೆಯ ಅಲುಗಾಟ" ಅನ್ನೋ ಲೆಕ್ಕ ಬಿಡಿಸಿ ಹೇಳಿದ್ದು ಬಹಳ ಹಿಡಿಸ್ತು. ಅಷ್ಟು ವರ್ಷಕ್ಕೊಮ್ಮೆ ತಪ್ಪದೆ ಬರುತ್ತೆ ಅಂತಲ್ಲ, 50 ವರ್ಷದೊಳಗೆ ಆ ಮಟ್ಟದ ಅಲುಗಾಟ ಮೀರುವ ಸಾಧ್ಯತೆ ಶೇ. 10 ಅಂತ. ಬೋರ್ ಕೊರೆದು ಎರೆಮಣ್ಣಿನ ಆಳ ನೋಡಿದ್ರು. ಮೆತ್ತನೆ ಮಣ್ಣಲ್ಲಿ ಬಂಡೆಗಿಂತ ಅಲುಗಾಟ ಹೆಚ್ಚಾಗಬಹುದಂತೆ, ಗ್ರಾಫ್ ಸಮೇತ ತೋರಿಸಿದ್ರು.

ಹೇಳಿದ ದಿನಕ್ಕೆ ಮಾತ್ರ ಕೊಡಲಿಲ್ಲ. ಪೂರ್ತಿ ಇಂಗ್ಲಿಷ್ ಬೇರೆ. ಆದ್ರೆ ಫೋನ್ ಮಾಡಿದ್ರೆ ಬೇಸರಿಲ್ಲದೆ ಕನ್ನಡದಲ್ಲೇ ವಿವರಿಸ್ತಾರೆ.