ಬಳ್ಳಾರಿಯ ಬಿಸಿಲಿಗೆ ಯಾವುದು: ಸ್ಪ್ರೇ, ಶ್ರೀಗಂಧ, ಲಾವಂಚ?

ಬಳ್ಳಾರಿಯ ಮೇ ತಿಂಗಳಲ್ಲಿ ಬೆಳಿಗ್ಗೆ ಹಚ್ಚಿಕೊಂಡ ಪರಿಮಳ ಮಧ್ಯಾಹ್ನದ ಊಟದವರೆಗೆ ಉಳಿದರೆ ಅದೇ ದೊಡ್ಡದು. ಈ ಸಲ ಮೂರು ಬಗೆ ತಂದು ನೋಡಿದೆ. ಇ.ಡಿ.ಟಿ. (ಓ ದ ಟಾಯ್ಲೆಟ್, ಅಂದರೆ ತಿಳಿಯಾದ ಸುಗಂಧ) ಅಂತ ಬರೆದಿರುವ ನಿಂಬೆ ಘಮದ ಸ್ಪ್ರೇ, ಶ್ರೀಗಂಧದ ಎಣ್ಣೆ, ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿನ ಲಾವಂಚದ ಅತ್ತರ್. ಒಂದೊಂದಕ್ಕೆ ನಾಲ್ಕು ದಿನ. ಎಂಟು ಗಂಟೆಗೆ ಸ್ನಾನ ಮುಗಿಸಿ ಮೊಣಕೈ ಒಳಬದಿಗೆ ಹಚ್ಚುತ್ತಿದ್ದೆ. ನಮ್ಮ ಮೂಗು ಸ್ವಲ್ಪ ಹೊತ್ತಿಗೇ ಒಗ್ಗಿಬಿಡುತ್ತದೆ, ಹಾಗಾಗಿ ಸಂಜೆ ಅತ್ತೆಯವರನ್ನು ಕೇಳುತ್ತಿದ್ದೆ, "ಇನ್ನೂ ಬರ್ತಿದೆಯಾ, ನೋಡಿ?"

ಸ್ಪ್ರೇ ಕಥೆ ಬೇಗ ಮುಗಿಯಿತು. ಹೊಡೆದ ತಕ್ಷಣ ಮನೆಯೆಲ್ಲ ಘಂ ಅಂದಿತು. ಹತ್ತೂವರೆಗೆ ಕೈಯನ್ನು ಮೂಗಿಗೆ ಒತ್ತಿಕೊಂಡರೆ ಮಾತ್ರ ಗೊತ್ತಾಗುತ್ತಿತ್ತು. ಹನ್ನೆರಡಕ್ಕೆ ಏನೂ ಇಲ್ಲ. ಇದರಲ್ಲಿ ಜಾಸ್ತಿ ಇರುವುದು ಆಲ್ಕೋಹಾಲ್. ನಿಂಬೆ, ಕಿತ್ತಳೆಯ ಘಮವೂ ಹಗುರ, ಬಿಸಿಲಿಗೆ ಮೊದಲು ಹಾರುವುದೇ ಅದು.

ಶ್ರೀಗಂಧದಲ್ಲಿ ನಾನು ಮೊದಲು ಮೋಸಹೋದೆ. ಒಂದು ಅಂಗಡಿಯಲ್ಲಿ "ಶುದ್ಧ" ಅಂತ ಅಗ್ಗಕ್ಕೆ ಸಿಕ್ಕ ಸೀಸೆ ಮೂಗಿಗೆ ಕುಟುಕುತ್ತಿತ್ತು, ಎರಡು ತಾಸಿನಲ್ಲೇ ಘಮವೇ ಹೋಯಿತು. ಎಣ್ಣೆ ಸಿಗುವುದು ಮರದ ಒಳತಿರುಳಿನಲ್ಲಿ, ಆ ತಿರುಳು ಬಲಿಯಲು ವರ್ಷಗಟ್ಟಲೆ ಬೇಕು. ಅದು ಅಗ್ಗಕ್ಕೆ ಹೇಗೆ ಸಿಗುತ್ತದೆ, ಅಲ್ವಾ? ಆಮೇಲೆ ಸರ್ಕಾರಿ ಮಳಿಗೆಯಿಂದ ಪುಟ್ಟ ಸೀಸೆ ತಂದೆ. ನಮ್ಮ ರಾಜ್ಯದಲ್ಲಿ 1916ರಿಂದ ಕಾರ್ಖಾನೆಯಲ್ಲೇ ಈ ಎಣ್ಣೆ ತೆಗೆಯುತ್ತಿದ್ದಾರೆ. ನೇರವಾಗಿ ಹಚ್ಚಲಿಲ್ಲ. 10 ಮಿ.ಲೀ. ಬೇರೆ ಎಣ್ಣೆಗೆ ಇದರ 4 ಹನಿ, ಅಂದರೆ ಸುಮಾರು ಶೇ. 2. ಮೊದಲು ಗಾಣದ ಕೊಬ್ಬರಿ ಎಣ್ಣೆಗೆ ಬೆರೆಸಿದೆ, ಕೊಬ್ಬರಿ ವಾಸನೆಯೇ ಮೇಲಾಯಿತು. ಬಾದಾಮಿ ಎಣ್ಣೆಯಲ್ಲಿ ಸರಿಹೋಯಿತು. ಮೊದಲ ದಿನ ಒಂದೇ ಕಡೆ ಹಚ್ಚಿ, ತುರಿಕೆ, ಕೆಂಪು ಬರುತ್ತಾ ಅಂತ ಮರುದಿನದವರೆಗೆ ಕಾದೆ. ಯಾವ ಎಣ್ಣೆಗಾದರೂ ಹೀಗೆ ಮಾಡಿ.

ಎಂಟು ಗಂಟೆಗೆ ಅದು ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತಿತ್ತು. ಹನ್ನೊಂದರ ಹೊತ್ತಿಗೆ ಮೈ ಬಿಸಿಯಾದಾಗ ಹಾಲಿನಂಥ ಮೆತ್ತನೆ ಘಮ ಮೇಲೆದ್ದಿತು. ಸಂಜೆ ಆರಕ್ಕೂ ಅತ್ತೆ, "ದೇವರ ಮನೆಯಿಂದ ಈಗ ಎದ್ದು ಬಂದ ಹಾಗಿದೆ" ಅಂದರು. ನನಗೆ ಅದು ಇಷ್ಟ. ಆದರೆ ಆಫೀಸಿಗೆ ಪೂಜೆಯ ನೆನಪು ಬೇಡ ಅನ್ನುವವರಿಗೆ ಹಿಡಿಸಲಿಕ್ಕಿಲ್ಲ.

ನನ್ನ ಮನಸ್ಸು ಸೋತಿದ್ದು ಲಾವಂಚಕ್ಕೆ. (ಲ್ಯಾವೆಂಡರ್ ಅಲ್ಲ. ಅದು ಹೂವು, ಇದು ಹುಲ್ಲಿನ ಬೇರು.) ಚಿಕ್ಕಂದಿನಲ್ಲಿ ಅಜ್ಜಿ ಕುಡಿಯುವ ನೀರಿನ ಮಡಕೆಗೆ ಇದೇ ಬೇರಿನ ಕಂತೆ ಹಾಕುತ್ತಿದ್ದರು. ಕನೌಜಿನಲ್ಲಿ ಬೇರನ್ನು ತಾಮ್ರದ ಹಂಡೆಯಲ್ಲಿ ನೀರು ಹಾಕಿ ಬೇಯಿಸಿ, ಆ ಹಬೆಯನ್ನು ತಣಿಸಿ ಘಮ ಇಳಿಸುತ್ತಾರೆ. ಒಂದು ಹನಿ ಸಾಕು. ಮೊದಲ ಅರ್ಧ ಗಂಟೆ ಒದ್ದೆ ಮಣ್ಣು, ಬೇರಿನ ಒಗರು. ಎಲ್ಲರಿಗೂ ಹಿಡಿಸದಿರಬಹುದು. ಆಮೇಲೆ ನೆರಳಿನಲ್ಲಿ ಕೂತ ಹಾಗೆ ತಣ್ಣಗಾಗುತ್ತದೆ. ದೀಪ ಹಚ್ಚುವ ಹೊತ್ತಿಗೂ ಹೋಗಿರಲಿಲ್ಲ. ಬಿಳಿ ಕಾಟನ್ ಸೀರೆಯ ಮೇಲೆ ಹಸಿರು ಕಲೆ ಬಿತ್ತು, ಅದಕ್ಕೇ ಈಗ ಮೈಗೆ ಮಾತ್ರ ಹಚ್ಚುತ್ತೇನೆ.

ಇವು ನಿದ್ದೆ ತರಿಸುತ್ತವೆ, ತಲೆನೋವು ಕಳೆಯುತ್ತವೆ ಅಂತ ಸೀಸೆ ಮೇಲೆ ಬರೆದಿದ್ದನ್ನು ನೋಡಿ ಕೊಳ್ಳಬೇಡಿ. ಲಾವಂಚ ನನ್ನ ಮನಸ್ಸಿಗೆ ಹಿತ, ಅಷ್ಟೇ, ಔಷಧಿ ಅಲ್ಲ. ನನ್ನ ತಂಗಿಗೆ ಯಾವ ಘಮವಾದರೂ ತಲೆ ಸಿಡಿಯುತ್ತದೆ. ಅವಳು ಬರುವ ದಿನ ನಾನು ಏನನ್ನೂ ಹಚ್ಚುವುದಿಲ್ಲ.